ಬೋಳಿಸಿದರೆ ಕೂದಲು ದಪ್ಪ ಬರುತ್ತದೆಯೇ? ನೀವೇ ಪರೀಕ್ಷಿಸುವ ಬಗೆ, ಚುಚ್ಚದಂತೆ ಶೇವ್ ಮಾಡುವ ಕ್ರಮ

ರೇಜರ್ ಮುಟ್ಟಿಸಿದರೆ ಕೂದಲು ದಪ್ಪಗೆ, ಕಪ್ಪಗೆ, ಬೇಗ ಬೇಗ ಬರುತ್ತದೆ ಎಂಬ ಮಾತನ್ನು ಹೆಣ್ಣುಮಕ್ಕಳಿಗೆ ಹೆದರಿಸಲು ಹೇಳುತ್ತಾರೆ, ಮೀಸೆ ಚಿಗುರುವ ಹುಡುಗರಿಗೆ ಆಸೆ ಹುಟ್ಟಿಸಲು ಹೇಳುತ್ತಾರೆ. ಮಗುವಿನ ಜವಳ ತೆಗೆಸುವಾಗಲೂ ಅದೇ ಮಾತು: ‘ಒಂದ್ಸಲ ನುಣ್ಣಗೆ ಬೋಳಿಸಿಬಿಡಿ, ಆಮೇಲೆ ಒತ್ತಾಗಿ ಬರುತ್ತೆ.’ ಮೂವರಿಗೂ ಉತ್ತರ ಒಂದೇ. ಕೂದಲಿನ ದಪ್ಪ, ಬಣ್ಣ, ಸಂಖ್ಯೆ, ಬೆಳೆಯುವ ವೇಗ ಇವು ಯಾವುವೂ ರೇಜರ್‌ನಿಂದ ಬದಲಾಗುವುದಿಲ್ಲ. ಬದಲಾಗುವುದು ತುದಿಯ ಆಕಾರ. ಕೈಗೆ ತಗಲುವುದು ಆ ತುದಿಯೇ ಆದ್ದರಿಂದ ‘ಒರಟಾಗಿದೆ’ ಎಂದು ಜನ ಹೇಳುವುದು ಸುಳ್ಳಲ್ಲ. ಅದಕ್ಕೆ ಕೊಡುವ ಕಾರಣ ತಪ್ಪು.

ಬ್ಲೇಡ್ ತಲುಪದ ಜಾಗ

ಕೂದಲು ತಯಾರಾಗುವುದು ಚರ್ಮದೊಳಗೆ, ರೋಮಕೂಪದ ತಳದಲ್ಲಿ. ತಲೆ, ಗಡ್ಡದಂಥ ದಪ್ಪ ಕೂದಲಿನ ಬುಡ ಕೆಲವು ಮಿಲಿಮೀಟರ್ ಆಳದಲ್ಲಿರುತ್ತದೆ. ಎಳೆ ಎಷ್ಟು ದಪ್ಪ, ಯಾವ ಬಣ್ಣ, ದಿನಕ್ಕೆ ಎಷ್ಟು ಬೆಳೆಯಬೇಕು ಎಂಬುದೆಲ್ಲ ಅಲ್ಲೇ ತೀರ್ಮಾನವಾಗುತ್ತದೆ. ಹೊರಗೆ ಕಾಣುವ ಎಳೆ ಕೆರಟಿನ್ ಎಂಬ ಜೀವವಿಲ್ಲದ ಪ್ರೋಟೀನ್. ಅದಕ್ಕೆ ನರವೂ ಇಲ್ಲ, ರಕ್ತವೂ ಇಲ್ಲ. ಮೇಲೆ ಕತ್ತರಿಸಿದ್ದು ಬುಡಕ್ಕೆ ಗೊತ್ತಾಗಲು ದಾರಿಯೇ ಇಲ್ಲ. ರೋಮಕೂಪಗಳ ಸಂಖ್ಯೆಯೂ ಹುಟ್ಟುವಾಗಲೇ ನಿಗದಿ: ತಲೆಯಲ್ಲಿ ಸುಮಾರು 1 ಲಕ್ಷ, ಇಡೀ ಮೈಯಲ್ಲಿ ಸುಮಾರು 50 ಲಕ್ಷ. ಆಮೇಲೆ ಹೊಸದು ಹುಟ್ಟುವುದಿಲ್ಲ.

ಹಾಗಾದರೆ ಮೂರನೇ ದಿನ ಕಾಲು ಸವರಿದಾಗ ಮುಳ್ಳುಮುಳ್ಳಾಗುವುದು ಏಕೆ? ಕತ್ತರಿ ಕಾಣದ ಕೂದಲಿನ ತುದಿ ಕ್ರಮೇಣ ಸಣ್ಣದಾಗುತ್ತಾ ಹೋಗಿ ಚೂಪಾಗಿ ಮುಗಿಯುತ್ತದೆ, ಬೆರಳು ತಗಲಿದರೆ ಬಾಗುತ್ತದೆ. ಬ್ಲೇಡ್ ಅದನ್ನು ಬುಡದ ಹತ್ತಿರ, ಅಂದರೆ ಎಳೆ ತನ್ನ ಪೂರ್ತಿ ದಪ್ಪದಲ್ಲಿರುವ ಕಡೆ ಕತ್ತರಿಸುತ್ತದೆ. ಮತ್ತೆ ಮೇಲೆ ಬರುವುದು ಆ ಮೊಂಡು ಕೊನೆ. ಜೊತೆಗೆ ಉದ್ದದ ಲೆಕ್ಕವೂ ಸೇರುತ್ತದೆ. ಒಂದು ಕಡ್ಡಿಯ ಉದ್ದವನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದರೆ, ಅದರ ತುದಿಯನ್ನು ಮೊದಲಿನಷ್ಟೇ ದೂರ ಬಾಗಿಸಲು ಸಾವಿರ ಪಟ್ಟು ಬಲ ಬೇಕು. 10 ಮಿ.ಮೀ. ಇದ್ದ ರೋಮ 1 ಮಿ.ಮೀ.ಗೆ ಇಳಿದಾಗ ಆಗುವುದು ಇದೇ. ಆಳೆತ್ತರ ನಿಂತ ಜೋಳದ ನಡುವೆ ಆರಾಮಾಗಿ ನಡೆದುಹೋಗಬಹುದು. ಕೊಯ್ದ ಮೇಲೆ ಉಳಿದ ಕೂಳೆಯ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಕಡ್ಡಿ ಮಾತ್ರ ಮೊದಲಿನದೇ.

ಕಪ್ಪಾಗಿ ಕಾಣುವುದಕ್ಕೂ ಕಾರಣ ಸರಳ. ಹಳೆಯ ಎಳೆ ತಿಂಗಳುಗಟ್ಟಲೆ ಬಿಸಿಲು, ಸೋಪು, ಬಟ್ಟೆಯ ಉಜ್ಜಾಟ ಕಂಡು ಮಾಸಿರುತ್ತದೆ. ಹೊಸದಾಗಿ ಹೊರಬಂದ ಎರಡು ಮಿಲಿಮೀಟರ್‌ಗೆ ಅದ್ಯಾವುದೂ ತಾಗಿಲ್ಲ. ಅದಲ್ಲದೆ ಮೊಂಡು ತುದಿ ಚರ್ಮದ ಮೇಲೆ ಚುಕ್ಕಿಯಂತೆ ಎದ್ದು ಕಾಣುತ್ತದೆ.

ಇದು ಹಿಂದೆಯೇ ಅಳೆದು ನೋಡಿದ ವಿಷಯ. ಅಮೆರಿಕದ ಅಂಗರಚನಾ ತಜ್ಞೆ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ಇದನ್ನು ಪರೀಕ್ಷಿಸಿ, ಬೋಳಿಸುವುದರಿಂದ ಕೂದಲಿನ ಬಣ್ಣ, ದಪ್ಪ, ವೇಗ ಬದಲಾಗುವುದಿಲ್ಲ ಎಂದು ಪ್ರಕಟಿಸಿದರು. 1970ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಐವರು ಯುವಕರ ಒಂದು ಕಾಲನ್ನು ವಾರಕ್ಕೊಮ್ಮೆ, ಹಲವು ತಿಂಗಳ ಕಾಲ ಬೋಳಿಸಿ, ಇನ್ನೊಂದು ಕಾಲನ್ನು ಹಾಗೇ ಬಿಟ್ಟಿದ್ದರು. ಕೂದಲಿನ ತೂಕ, ಅಗಲ, ಬೆಳವಣಿಗೆ ಮೂರರಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಇಷ್ಟಾದರೂ ನಂಬಿಕೆ ಸಾಯದಿರಲು ಮುಖ್ಯ ಕಾರಣ ವಯಸ್ಸು. ಹುಡುಗರು ರೇಜರ್ ಹಿಡಿಯುವುದೂ, ಆಂಡ್ರೋಜನ್ ಹಾರ್ಮೋನು ಮುಖದ ನವಿರು ರೋಮವನ್ನು ಗಡ್ಡವಾಗಿ ಬದಲಿಸುವುದೂ ಒಂದೇ ಕಾಲಕ್ಕೆ. ಆ ಗಡ್ಡ ಹೇಗೂ ಬರುವುದಿತ್ತು. ಹೆಸರು ಮಾತ್ರ ಬ್ಲೇಡಿಗೆ ಬಂತು.

ಮನೆಯಲ್ಲೇ ಪರೀಕ್ಷೆ

ನಂಬಿಕೆ ಬರದಿದ್ದರೆ ಪರೀಕ್ಷಿಸಿ ನೋಡಬಹುದು. ಆದರೆ ಎಲ್ಲರೂ ಮಾಡುವ ಹಾಗೆ ಬೋಳಿಸಿದ ಕಾಲನ್ನು ಬೋಳಿಸದ ಕಾಲಿನ ಪಕ್ಕ ಇಟ್ಟು ಸವರಿ ನೋಡಿದರೆ ಏನೂ ತಿಳಿಯದು. ಒಂದು ಕಡೆ ಮೊಂಡು ತುದಿ, ಇನ್ನೊಂದು ಕಡೆ ಚೂಪು ತುದಿ ಇರುವಾಗ ಹೋಲಿಕೆ ಸರಿಯಾಗುವುದಿಲ್ಲ. ಎರಡೂ ಕಡೆ ಮೊಂಡು ಮಾಡಿಯೇ ಹೋಲಿಸಬೇಕು. ಕ್ರಮ ಹೀಗೆ:

1. ಎರಡೂ ಕಾಲಿನಲ್ಲಿ ಮಂಡಿಚಿಪ್ಪಿನ ಕೆಳ ಅಂಚಿನಿಂದ 10 ಸೆಂ.ಮೀ. ಕೆಳಗೆ, ಹೊರಬದಿಯಲ್ಲಿ 2 × 2 ಸೆಂ.ಮೀ. ಚೌಕ ಗುರುತಿಸಿ. ಪೆನ್ನಿನ ಗುರುತು ಸ್ನಾನಕ್ಕೆ ಅಳಿಸುತ್ತದೆ, ಆದ್ದರಿಂದ ಅಳತೆ ಬರೆದಿಟ್ಟುಕೊಳ್ಳಿ. ಹತ್ತಿರದಲ್ಲಿ ಮಚ್ಚೆ ಇದ್ದರೆ ಇನ್ನೂ ಸುಲಭ.
2. ಬಲಗಾಲಿನ ಚೌಕವನ್ನು ವಾರಕ್ಕೊಮ್ಮೆ, 12 ವಾರ ಬೋಳಿಸಿ. ಎಡಗಾಲಿನದನ್ನು ಮುಟ್ಟಬೇಡಿ.
3. 12ನೇ ವಾರ ಮುಗಿದ ದಿನ ಎರಡೂ ಚೌಕಗಳನ್ನು ಒಂದೇ ಬ್ಲೇಡಿನಿಂದ, ಒಂದೇ ಹೊತ್ತಿಗೆ ನುಣ್ಣಗೆ ಬೋಳಿಸಿ.
4. ಏಳು ದಿನ ಬಿಡಿ. ಪಕ್ಕದಿಂದ ಬೆಳಕು ಬೀಳುವ ಹಾಗೆ ಕೂತು, ಚೌಕದ ಅಂಚಿಗೆ ಪ್ಲಾಸ್ಟಿಕ್ ಸ್ಕೇಲ್ ಇಟ್ಟು, ಮೊಬೈಲಿನಲ್ಲಿ ಹತ್ತಿರದ ಫೋಟೊ ತೆಗೆಯಿರಿ. ದೊಡ್ಡದು ಮಾಡಿ ಎಣಿಸಿ, ಉದ್ದ ಅಳೆಯಿರಿ.

ಹನ್ನೆರಡು ವಾರ ಬ್ಲೇಡ್ ಕಂಡ ಚೌಕ ಮತ್ತು ಒಂದೇ ಸಲ ಕಂಡ ಚೌಕ ಎರಡರಲ್ಲೂ ಒಂದೆರಡು ಮಿಲಿಮೀಟರ್ ಉದ್ದದ, ಒಂದೇ ಥರದ ಎಳೆಗಳು ಕಾಣುತ್ತವೆ. ಎಡಬಲ ಕಾಲುಗಳ ನಡುವೆ ಹುಟ್ಟಿನಿಂದಲೇ ಸಣ್ಣ ವ್ಯತ್ಯಾಸ ಇರುತ್ತದೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಬೇಕಿದ್ದರೆ ಶುರುವಿನಲ್ಲೇ ಎರಡೂ ಚೌಕದ ಎಣಿಕೆ ಬರೆದಿಡಿ.

ಎಣಿಸುವಾಗ ಒಂದು ವಿಚಿತ್ರ ಕಾಣಬಹುದು: ಬೋಳಿಸುವ ಮೊದಲು ಇದ್ದಷ್ಟು ಕೂದಲು ಏಳು ದಿನಕ್ಕೆ ಮೇಲೆ ಬಂದಿರುವುದಿಲ್ಲ. ಪ್ರತಿ ರೋಮಕೂಪವೂ ಕೆಲಕಾಲ ಬೆಳೆಸಿ ಕೆಲಕಾಲ ಸುಮ್ಮನಿರುತ್ತದೆ. ತಲೆಗೂದಲಿನ ಬೆಳೆಯುವ ಅವಧಿ 2ರಿಂದ 6 ವರ್ಷ, ಕಾಲಿನದು ಕೆಲವೇ ತಿಂಗಳು. ಕಾಲಿನ ರೋಮದಲ್ಲಿ ಬಹುಪಾಲು ಯಾವ ಹೊತ್ತಿಗೂ ವಿಶ್ರಾಂತಿಯಲ್ಲಿರುತ್ತದೆ. ಕಾಲಿನ ಕೂದಲು ಸೊಂಟದವರೆಗಿನ ಜಡೆಯಂತೆ ಬೆಳೆಯದಿರುವುದೂ ಇದೇ ಕಾರಣಕ್ಕೆ.

ಪರೀಕ್ಷೆ ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ನಡುವೆ ವ್ಯಾಕ್ಸಿಂಗ್ ಮಾಡಿಸಿದರೆ ಬುಡವೇ ಕಿತ್ತು ಬರುವುದರಿಂದ ಲೆಕ್ಕ ತಪ್ಪುತ್ತದೆ. ಪ್ಲಾಸ್ಟರ್ ಕಟ್ಟಿಸಿಕೊಂಡಿದ್ದ ಕೈಕಾಲಿನಲ್ಲಿ ಈ ಪರೀಕ್ಷೆ ಬೇಡ: ವಾರಗಟ್ಟಲೆ ಪ್ಲಾಸ್ಟರ್ ಅಡಿ ಇದ್ದ ಚರ್ಮದಲ್ಲಿ ಕೂದಲು ನಿಜವಾಗಿಯೂ ಹೆಚ್ಚುವುದುಂಟು, ಬಿಚ್ಚಿದ ಕೆಲವು ತಿಂಗಳಿಗೆ ಅದು ಮೊದಲಿನಂತಾಗುತ್ತದೆ.

ಚುಚ್ಚದಂತೆ ಶೇವ್ ಮಾಡುವುದು

ತುದಿ ಮೊಂಡಾಗುವುದನ್ನು ತಪ್ಪಿಸಲು ಆಗದು. ಉರಿ, ಗಾಯ, ಗುಳ್ಳೆ ತಪ್ಪಿಸಬಹುದು. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಮಾಡುವುದು ನೀರು, ಜನ ಅವಸರ ಮಾಡುವುದೂ ಅಲ್ಲೇ. ಒಣ ಕೂದಲು ಗಟ್ಟಿ. ಎರಡು ಮೂರು ನಿಮಿಷ ಬೆಚ್ಚಗಿನ ನೀರು ಕುಡಿದ ಕೂದಲು ಉಬ್ಬಿ ಮೆತ್ತಗಾಗುತ್ತದೆ, ಕತ್ತರಿಸಲು ಬೇಕಾದ ಬಲ ಬಹಳ ಇಳಿಯುತ್ತದೆ. ಸ್ನಾನ ಮುಗಿದ ಕೂಡಲೇ ಶೇವ್ ಮಾಡುವುದು ಉತ್ತಮ. ಆಗದಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು ಮೂರು ನಿಮಿಷ ಒತ್ತಿ ಹಿಡಿಯಿರಿ.

ಒಣ ಕೂದಲಿನ ಮೇಲೆ ಎಳೆದರೆ ಬ್ಲೇಡಿಗೂ ಕೇಡು. ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿ, ಆದರೂ ಬ್ಲೇಡ್ ಮೊಂಡಾಗುತ್ತದೆ. 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಸೂಕ್ಷ್ಮದರ್ಶಕದಡಿ ಇದನ್ನು ಗಮನಿಸಿದಾಗ, ಕೂದಲು ಓರೆಯಾಗಿ ಬಾಗಿ ತಗಲುವ ಕಡೆ ಬ್ಲೇಡಿನ ಅಂಚಿನಿಂದ ಚೂರುಗಳು ಏಳುವುದು ಕಂಡಿತ್ತು. ಹಾಗೆ ಹಲ್ಲು ಬಿದ್ದ ಅಂಚು ಕೂದಲನ್ನು ಕತ್ತರಿಸುವ ಬದಲು ಜಗ್ಗುತ್ತದೆ. ‘ಈ ಸಲ ಉರಿತಾ ಇದೆ’ ಅನ್ನಿಸಿದರೆ ಮೊದಲು ಬ್ಲೇಡ್ ಬದಲಿಸಿ. ಗಡ್ಡಕ್ಕಾದರೆ 5ರಿಂದ 7 ಶೇವ್‌ಗೆ ಒಂದು ಬ್ಲೇಡ್ ಎಂದಿಟ್ಟುಕೊಳ್ಳಿ. ಒದ್ದೆ ರೇಜರನ್ನು ಬಚ್ಚಲಲ್ಲೇ ಬಿಡದೆ, ನೀರು ಕೊಡವಿ ಒಣ ಜಾಗದಲ್ಲಿಡಿ. ಟವೆಲಿಗೆ ಒರೆಸಿದರೆ ಅಂಚು ಹಾಳಾಗುತ್ತದೆ.

ಕೂದಲು ಅರ್ಧ ಸೆಂಟಿಮೀಟರಿಗಿಂತ ಉದ್ದವಿದ್ದರೆ ಮೊದಲು ಟ್ರಿಮ್ಮರ್ ಆಡಿಸಿ 2–3 ಮಿ.ಮೀ.ಗೆ ಇಳಿಸಿ. ಇಲ್ಲದಿದ್ದರೆ ಎರಡೇ ಎಳೆತಕ್ಕೆ ರೇಜರ್ ಕಟ್ಟಿಕೊಳ್ಳುತ್ತದೆ. ಕಂಕುಳು, ಜನನಾಂಗದ ಭಾಗಕ್ಕೆ ಈ ಹಂತ ಬಿಡಲೇಬಾರದು.

ಆಮೇಲೆ ನೊರೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಶೇವಿಂಗ್ ಸೋಪು ನೊರೆ ಕೊಡದೆ ಮೊಸರಿನಂತೆ ಒಡೆಯುತ್ತದೆ. ಬೆಂಗಳೂರಿನ ಹೊರವಲಯ, ಕೋಲಾರದ ಕಡೆಯವರಿಗೆ ಇದು ದಿನದ ಪಾಡು. ಅಂಥ ಕಡೆ ಒಂದು ಮಗ್ ಕುದಿಸಿ ಆರಿಸಿ ತಿಳಿ ಬಗ್ಗಿಸಿದ ನೀರೋ ಆರ್‌ಒ ಫಿಲ್ಟರ್ ನೀರೋ ಬಳಸಿ, ಇಲ್ಲವೇ ಸೋಪಿನ ಬದಲು ಜೆಲ್ ಹಚ್ಚಿ. ಬ್ರಷ್ಷನ್ನು ಒಂದು ನಿಮಿಷ ಸುತ್ತು ತಿರುಗಿಸಿ ಹಚ್ಚಿದ ಮೇಲೆ ಇನ್ನೊಂದು ನಿಮಿಷ ಹಾಗೇ ಬಿಡಿ.

ಕೂದಲು ಯಾವ ಕಡೆಗೆ ಮಲಗಿದೆ ಎಂದು ಮೊದಲೇ ನೋಡಿಕೊಂಡಿರಬೇಕು. ಬೆರಳನ್ನು ನಾಲ್ಕು ದಿಕ್ಕಿಗೂ ಸವರಿ; ನುಣ್ಣಗೆ ಜಾರುವ ಕಡೆ ಕೂದಲಿನ ದಿಕ್ಕು, ತಡೆಯುವ ಕಡೆ ಎದುರು ದಿಕ್ಕು. ಕೆನ್ನೆಯಲ್ಲಿ ಸಾಮಾನ್ಯವಾಗಿ ಕೆಳಮುಖ. ಗಂಟಲಿನಲ್ಲಿ ಎಷ್ಟೋ ಜನಕ್ಕೆ ಮೇಲ್ಮುಖವೋ ಅಡ್ಡವೋ ಇರುತ್ತದೆ. ‘ಗಂಟಲಲ್ಲೇ ಗುಳ್ಳೆ ಏಳುತ್ತೆ’ ಎನ್ನುವವರಲ್ಲಿ ಹೆಚ್ಚಿನವರು ಅದನ್ನು ನೋಡದೆ ಕೆನ್ನೆಯ ಲೆಕ್ಕದಲ್ಲೇ ಎಳೆದಿರುತ್ತಾರೆ. ಕಂಕುಳಲ್ಲಿ ಎರಡು ಮೂರು ದಿಕ್ಕು ಸೇರಿರುತ್ತವೆ, ಕೈ ಮೇಲೆತ್ತಿ ಒಂದೊಂದು ಭಾಗವಾಗಿ ಮಾಡಿ.

ಬ್ಲೇಡ್ ಹಾಕುವ ರೇಜರ್ ಆದರೆ ಚರ್ಮಕ್ಕೆ ಸುಮಾರು 30 ಡಿಗ್ರಿ ಕೋನ, 2–3 ಸೆಂ.ಮೀ.ನ ಸಣ್ಣ ಸಣ್ಣ ಎಳೆತ, ರೇಜರಿನ ಭಾರವೇ ಒತ್ತಡ. ಎರಡು ಮೂರು ಎಳೆತಕ್ಕೊಮ್ಮೆ ತೊಳೆಯಿರಿ. ಮೊದಲ ಸುತ್ತು ಕೂದಲಿನ ದಿಕ್ಕಿನಲ್ಲಿ. ಇನ್ನೂ ನುಣುಪು ಬೇಕಿದ್ದರೆ ಮತ್ತೆ ನೊರೆ ಹಚ್ಚಿ ಅಡ್ಡಡ್ಡ ಒಂದು ಸುತ್ತು. ಎದುರು ದಿಕ್ಕಿನ ಮೂರನೇ ಸುತ್ತು ಗುಂಗುರು ಕೂದಲಿನವರಿಗೆ ಬೇಡವೇ ಬೇಡ. ಉಳಿದವರಿಗೂ ಮದುವೆ ಮನೆಗೆ ಹೊರಟ ದಿನ ಸಾಕು.

ಮುಗಿದ ಮೇಲೆ ತಣ್ಣೀರು, ಒತ್ತಿ ಒರೆಸುವುದು, ಮಾಯಿಶ್ಚರೈಸರ್. ಕ್ಷೌರದಂಗಡಿಯಲ್ಲಿ ಉಜ್ಜುವ ಪಟಿಕದ ಕಲ್ಲು ಸಣ್ಣ ಗಾಯದ ರಕ್ತ ನಿಲ್ಲಿಸುತ್ತದೆ: ಕಲ್ಲನ್ನು ಒದ್ದೆ ಮಾಡಿ ಒಮ್ಮೆ ಸವರಿ, ಅರ್ಧ ನಿಮಿಷ ಬಿಟ್ಟು ತೊಳೆಯಿರಿ. ಆದರೆ ಎಲ್ಲರಿಗೂ ಒಂದೇ ಕಲ್ಲು ಎಂದರೆ ಬೇಡ ಎನ್ನಿ. ಬ್ಲೇಡನ್ನು ನಿಮ್ಮ ಕಣ್ಣೆದುರೇ ಹೊಸ ಪೊಟ್ಟಣದಿಂದ ತೆಗೆದು ಮುರಿದು ಹಾಕಿಸಿಕೊಳ್ಳಿ. ಹೆಪಟೈಟಿಸ್ ಬಿ ಹರಡಲು ಕಣ್ಣಿಗೆ ಕಾಣದಷ್ಟು ರಕ್ತ ಸಾಕು, ಇಲ್ಲಿ ಸಂಕೋಚ ಬೇಡ.

ಗುಳ್ಳೆ ಎದ್ದರೆ

ಶೇವ್ ಮಾಡಿದ ಒಂದೆರಡು ದಿನಕ್ಕೆ ಏಳುವ, ನಡುವೆ ಕೂದಲು ಸಿಕ್ಕಿಕೊಂಡ ಗಟ್ಟಿ ಗುಳ್ಳೆಗಳಿಗೆ ಕಾರಣ ಮತ್ತದೇ ತುದಿ. ಗುಂಗುರು ಕೂದಲು ಹೊರಬಂದು ಬಾಗಿ ಪಕ್ಕದ ಚರ್ಮಕ್ಕೇ ಚುಚ್ಚಿಕೊಳ್ಳುತ್ತದೆ. ತೀರಾ ನುಣ್ಣಗೆ ಮಾಡಿದರೆ ಇನ್ನೊಂದು ಬಗೆ: ಮೂರು ನಾಲ್ಕು ಬ್ಲೇಡಿನ ರೇಜರಿನಲ್ಲಿ ಕೂದಲು ಜಗ್ಗಿ ಹೊರಬಂದ ಹೊತ್ತಿಗೆ ಕತ್ತರಿಸಿ ಹೋಗುತ್ತದೆ, ತುದಿ ಚರ್ಮದ ಮಟ್ಟಕ್ಕಿಂತ ಒಳಕ್ಕೆ ಸರಿದು ಕೂಪದ ಗೋಡೆಯನ್ನೇ ತೂರುತ್ತದೆ. ಚರ್ಮವನ್ನು ಎಳೆದು ಹಿಡಿದು ಬೋಳಿಸಿದರೂ ಹೀಗೇ.

ಮದ್ದು ಬೇಸರದ್ದು: ಮೂರು ನಾಲ್ಕು ವಾರ ಬೋಳಿಸುವುದನ್ನು ನಿಲ್ಲಿಸಿ. ಬೆಳೆದ ಕೂದಲು ತಾನೇ ಚರ್ಮದಿಂದ ಬಿಡಿಸಿಕೊಂಡು ಮೇಲೇಳುತ್ತದೆ. ಪಿನ್ನು, ಚಿಮಟ ಹಾಕಿ ಕೆದಕಬೇಡಿ. ಆಮೇಲೆ ಚರ್ಮಕ್ಕೆ ತೀರಾ ತಾಗದಂತೆ ಸುಮಾರು 1 ಮಿ.ಮೀ. ಬಿಡುವ ಟ್ರಿಮ್ಮರ್ ಇಲ್ಲವೇ ಒಂಟಿ ಬ್ಲೇಡಿನ ರೇಜರ್ ಬಳಸಿ. ಶೇಕಡಾ 2ರ ಸ್ಯಾಲಿಸಿಲಿಕ್ ಆಸಿಡ್ ಇರುವ ಫೇಸ್‌ವಾಶ್ ಸತ್ತ ಪದರ ತೆಗೆದು ತುದಿಗೆ ದಾರಿ ಬಿಡಿಸುತ್ತದೆ. ಕೀವು ಕಾಣಿಸಿದರೆ, ಜ್ವರ ಬಂದರೆ ಚರ್ಮದ ವೈದ್ಯರ ಬಳಿ ಹೋಗಿ.

ನಮ್ಮ ಗೋಧಿ ಬಣ್ಣ, ಎಣ್ಣೆಗಪ್ಪಿನ ಚರ್ಮದಲ್ಲಿ ಗುಳ್ಳೆ ಹೋದರೂ ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ‘ರೇಜರ್ ಹಾಕಿ ಕಂಕುಳು ಕಪ್ಪಾಯಿತು’ ಎಂಬ ದೂರಿನಲ್ಲಿ ಅರ್ಧ ಇದೇ. ಇನ್ನರ್ಧವನ್ನು ಗಮನಿಸಬೇಕು: ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ಮಖಮಲ್ಲಿನಂತೆ ದಪ್ಪಗಾಗಿ ಕಪ್ಪಾಗಿದ್ದರೆ ಅದು ಹಲವು ಸಲ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ ಗುರುತು. ಕ್ರೀಮು ಹಚ್ಚುತ್ತಾ ಕೂರದೆ ಸಕ್ಕರೆ ಪರೀಕ್ಷೆ ಮಾಡಿಸಿ.

ಕ್ರೀಮು, ವ್ಯಾಕ್ಸ್, ದಾರ

ಕೂದಲು ತೆಗೆಯುವ ಕ್ರೀಮಿನಲ್ಲಿರುವ ಥಯೋಗ್ಲೈಕೊಲೇಟ್ ಕೆರಟಿನ್ನಿನ ಕಟ್ಟುಗಳನ್ನು ಕರಗಿಸುತ್ತದೆ. ತುದಿ ಬ್ಲೇಡಿನಂತೆ ಕಡಿದಾಗಿ ನಿಲ್ಲದ ಕಾರಣ ಮರಳಿ ಬಂದಾಗ ತುಸು ಮೆತ್ತಗೆನಿಸುತ್ತದೆ. ಚರ್ಮವೂ ಕೆರಟಿನ್ನೇ ಆದ್ದರಿಂದ ಪೊಟ್ಟಣದಲ್ಲಿ ಬರೆದ ಅವಧಿ ಮೀರಿದರೆ ಸುಡುತ್ತದೆ. ಹಿಂದಿನ ದಿನ ಮೊಣಕೈ ಒಳಬದಿಗೆ ಹಚ್ಚಿ 24 ಗಂಟೆ ನೋಡಿ. ವ್ಯಾಕ್ಸ್ ಮತ್ತು ಥ್ರೆಡಿಂಗ್ ಬುಡ ಸಮೇತ ಕೀಳುತ್ತವೆ, ಹಾಗಾಗಿ ಮೂರರಿಂದ ಆರು ವಾರ ಬಿಡುವು, ಹೊಸ ಕೂದಲಿನ ತುದಿಯೂ ಚೂಪು. ವ್ಯಾಕ್ಸ್ ಹಿಡಿಯಲು 5–6 ಮಿ.ಮೀ. ಉದ್ದ ಬೇಕು. ನೋವು ತಡೆಯುವವರಿಗೆ ಇದು ಒಳ್ಳೆಯ ದಾರಿ. ಕಡಲೆಹಿಟ್ಟು–ಅರಿಶಿನ ತಿಕ್ಕಿದರೆ ನವಿರು ರೋಮ ಒಂದಿಷ್ಟು ಕಿತ್ತುಬರುತ್ತದೆ, ಬುಡ ಅಲ್ಲೇ ಇರುತ್ತದೆ.

ಹೆಂಗಸರು ಮುಖದ ನವಿರನ್ನು ಬೋಳಿಸಿದರೆ ಗಡ್ಡ ಬರುವುದಿಲ್ಲ. ನವಿರಿನ ದಪ್ಪ 0.03 ಮಿ.ಮೀ.ಗಿಂತ ಕಡಿಮೆ; ಬೋಳಿಸಿದ ಮೇಲೂ ಅಷ್ಟೇ. ಮುಖದ ರೇಜರನ್ನು ಅಲೋವೆರಾ ಜೆಲ್ ಹಚ್ಚಿದ ಚರ್ಮದ ಮೇಲೆ, ಕೆಳಮುಖವಾಗಿ, ಹಗುರವಾಗಿ ಎಳೆಯಿರಿ. ಮೊಡವೆ ಎದ್ದಿರುವಾಗ ಬೇಡ.

ಮಗುವಿನ ಜವಳ

ಚೌಲ, ಜವಳ, ಮಾದಪ್ಪನ ಬೆಟ್ಟದಲ್ಲೋ ತಿರುಪತಿಯಲ್ಲೋ ಕೊಡುವ ಮುಡಿ ಹರಕೆಯ ವಿಷಯ, ಅದಕ್ಕೆ ಬೇರೆ ಸಮರ್ಥನೆ ಬೇಕಿಲ್ಲ. ಕೂದಲು ಒತ್ತಾಗಲಿ ಎಂದು ಮಾತ್ರ ಮಾಡಿಸುವುದಾದರೆ ಬೇಡ. ಹುಟ್ಟುಗೂದಲು ಮೊದಲ ತಿಂಗಳುಗಳಲ್ಲಿ ತಾನಾಗಿ ಉದುರುತ್ತದೆ, ವರ್ಷ ಎರಡು ವರ್ಷದಲ್ಲಿ ದಪ್ಪ ಕೂದಲು ಅದರ ಜಾಗಕ್ಕೆ ಬರುತ್ತದೆ. ಬೋಳಿಸಿದ ಮಗುವಿಗೂ ಬೋಳಿಸದ ಮಗುವಿಗೂ ಇದೇ ಕತೆ. ಮುಡಿ ಕೊಡುವಾಗ ಹೊಸ ಬ್ಲೇಡ್ ಹಾಕಿಸಿ, ಸಾಧ್ಯವಿದ್ದರೆ ಬ್ಲೇಡಿನ ಬದಲು ಕ್ಲಿಪ್ಪರ್ ಕೇಳಿ. ತಲೆ ಚೆನ್ನಾಗಿ ನೆನೆದಿರಲಿ, ಮಗು ನಿದ್ದೆಗಣ್ಣಿನಲ್ಲಿ ಒದ್ದಾಡುವ ಹೊತ್ತು ಬೇಡ. ಗಂಧ ಹಚ್ಚುವ ಮುನ್ನ ಗಾಯ ಇದೆಯೇ ನೋಡಿ, ಇದ್ದರೆ ಆ ಜಾಗ ಬಿಟ್ಟು ಹಚ್ಚಿ.

ಕೂದಲು ನಿಜವಾಗಿಯೂ ಹೆಚ್ಚಿದ್ದರೆ

ಹೆಂಗಸರ ಮೇಲ್ತುಟಿ, ಗಲ್ಲ, ಎದೆ, ಹೊಕ್ಕುಳ ಕೆಳಗೆ ದಪ್ಪ ಕಪ್ಪು ಕೂದಲು ಹೊಸದಾಗಿ ಬರತೊಡಗಿದರೆ ರೇಜರನ್ನು ದೂರಿ ಕಾಲ ಕಳೆಯಬೇಡಿ. ಸಾಮಾನ್ಯ ಕಾರಣ ಪಿಸಿಒಎಸ್, ಅಂದರೆ ಹಾರ್ಮೋನು ಏರುಪೇರಾಗುವ ಅಂಡಾಶಯದ ತೊಂದರೆ. ಮುಟ್ಟು 35 ದಿನ ದಾಟಿ ಬರುವುದು, ಮೊಡವೆ, ತೂಕ ಏರುವುದು ಜೊತೆಗಿದ್ದರೆ ವೈದ್ಯರಲ್ಲಿ ಹೋಗಿ. ಟೆಸ್ಟೋಸ್ಟೆರಾನ್, ಥೈರಾಯ್ಡ್, ಪ್ರೊಲ್ಯಾಕ್ಟಿನ್ ನೋಡುತ್ತಾರೆ. ಕೆಲವೇ ತಿಂಗಳಲ್ಲಿ ದಿಢೀರನೆ ಹೆಚ್ಚಿದರೆ, ದನಿ ಗಡಸಾದರೆ ತಡ ಮಾಡಬಾರದು. ಮಿನಾಕ್ಸಿಡಿಲ್, ಸ್ಟೀರಾಯ್ಡ್, ಮೂರ್ಛೆಗೆ ಕೊಡುವ ಫೆನಿಟಾಯಿನ್‌ನಂಥ ಔಷಧಗಳಿಂದಲೂ ಮೈಕೂದಲು ಹೆಚ್ಚಬಹುದು. ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಹೇಳಿ, ಕೇಳದೆ ನಿಲ್ಲಿಸಬೇಡಿ. ಚಿಕಿತ್ಸೆಯ ಫಲ ಕಾಣಲು ಆರು ತಿಂಗಳಾದರೂ ಬೇಕು, ಏಕೆಂದರೆ ಈಗಾಗಲೇ ಬೆಳೆಯುತ್ತಿರುವ ಕೂದಲು ತನ್ನ ಸರದಿ ಮುಗಿಸಬೇಕು. ಅಲ್ಲಿಯವರೆಗೆ ಬೋಳಿಸುತ್ತಿದ್ದರೆ ತೊಂದರೆಯಿಲ್ಲ.

ಲೇಸರ್ ಮಾಡಿಸುವವರಿಗೆ ಬೋಳಿಸಿಕೊಂಡೇ ಬನ್ನಿ ಎನ್ನುತ್ತಾರೆ. ಬೆಳಕಿನ ಬಿಸಿ ಎಳೆಯ ಕಪ್ಪು ಬಣ್ಣದ ಮೂಲಕ ಬುಡಕ್ಕೆ ಇಳಿಯಬೇಕು. ಮೇಲೆ ಕೂದಲಿದ್ದರೆ ಚರ್ಮ ಸುಡುತ್ತದೆ, ಬುಡವೇ ಇಲ್ಲದಿದ್ದರೆ ಬಿಸಿಗೆ ಗುರಿಯಿಲ್ಲ. ಆದ್ದರಿಂದ ಹಿಂದಿನ ದಿನ ಶೇವ್ ಮಾಡಿ, ಅದಕ್ಕೂ ಮೊದಲಿನ ನಾಲ್ಕು ವಾರ ವ್ಯಾಕ್ಸ್, ಥ್ರೆಡಿಂಗ್ ಬೇಡ. ಕಪ್ಪು ಚರ್ಮಕ್ಕೆ 1064 ನ್ಯಾನೋಮೀಟರ್ ತರಂಗಾಂತರದ ಎನ್‌ಡಿ–ಯಾಗ್ ಎಂಬ ಲೇಸರ್ ಹೆಚ್ಚು ಸುರಕ್ಷಿತ, ಯಾವ ಯಂತ್ರ ಎಂದು ಕೇಳಿಕೊಳ್ಳಿ. ಮುಖ, ಕತ್ತಿನಲ್ಲಿ ಕೆಲವರಿಗೆ, ಅದರಲ್ಲೂ ಪಿಸಿಒಎಸ್ ಇರುವವರಿಗೆ, ಲೇಸರ್ ನಂತರ ಸುತ್ತಲಿನ ಕೂದಲು ಹೆಚ್ಚಿದ್ದುಂಟು. ಬ್ಲೇಡಿಗೆ ಅಂಟಿಸಿದ ಅಪವಾದ ಇಲ್ಲಿ ನಿಜವಾಗಬಹುದು, ಕ್ಲಿನಿಕ್ಕಿನಲ್ಲಿ ಮೊದಲೇ ಮಾತಾಡಿ.

ಇನ್ನು ಆಪರೇಷನ್‌ಗೆ ಮುನ್ನ ಮನೆಯಲ್ಲೇ ಬೋಳಿಸಿಕೊಂಡು ಹೋಗಬೇಡಿ. ರೇಜರ್ ಬಿಡುವ ಸಣ್ಣ ಗೀರುಗಳಲ್ಲಿ ಸೋಂಕು ಸೇರುವುದರಿಂದ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬೇಡವೆನ್ನುತ್ತದೆ. ತೆಗೆಯಲೇಬೇಕಾದರೆ ಆಸ್ಪತ್ರೆಯಲ್ಲಿ ಕ್ಲಿಪ್ಪರ್‌ನಿಂದ ತೆಗೆಯುತ್ತಾರೆ. ಸಕ್ಕರೆ ಕಾಯಿಲೆ ಇದ್ದು ಪಾದದ ಸ್ಪರ್ಶ ಮಂದವಾಗಿರುವವರು ಕಾಲಿಗೆ ರೇಜರಿನ ಬದಲು ಟ್ರಿಮ್ಮರ್ ಬಳಸಿ.